ಮಲ್ಲಿಗೆ ಕಟ್ಟಿದ ಹಾಗೆ ವೈರು ಕಟ್ಟಿದ್ದು

ನನ್ನ ಗಿಟಾರು ತಗಡು ಬಡಿದ ಹಾಗೆ ಕೇಳಿಸುತ್ತದೆ ಎಂದು ದೊಡ್ಡಕ್ಕ ಹೇಳಿದ್ದು ಅಕ್ಟೋಬರಿನ ಒಂದು ಶನಿವಾರ, ಸ್ಟೌಫ್‌ವಿಲ್‌ನ ಅವರ ಹೊಸ ಮನೆಯ ಬೇಸ್‌ಮೆಂಟಿನಲ್ಲಿ, ಏಳು ಜನ ಹೆಂಗಸರ ಎದುರಿಗೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದೊಡ್ಡಕ್ಕ ನಮ್ಮಲ್ಲಿ ಯಾರಿಗೂ ಅಕ್ಕನಾಗಬೇಕಾದವರಲ್ಲ. ಧಾರವಾಡದ ಕಡೆಯವರು, ಕನ್ನಡ ಸಂಘದ ಹೆಂಗಸರ ಹಾಡಿನ ಗುಂಪನ್ನು ಕಟ್ಟಿ ನಡೆಸುತ್ತಿದ್ದವರು, ಹಾಗಾಗಿ ಎಲ್ಲರಿಗೂ ದೊಡ್ಡಕ್ಕ. ನವೆಂಬರಿನ ರಾಜ್ಯೋತ್ಸವಕ್ಕೆ ನಾವು ನಾಲ್ಕು ಭಾವಗೀತೆ ಹಾಡುವುದಿತ್ತು. ನನಗೆ ಗಿಟಾರ್ ಬರುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ಗಿಟಾರ್ ಬ್ಯಾಡ ಅನ್ನಂಗಿಲ್ಲ ನಾನು," ಎಂದರು ದೊಡ್ಡಕ್ಕ, ಕನ್ನಡಕವನ್ನು ಸೆರಗಿನ ತುದಿಯಿಂದ ಒರೆಸುತ್ತ. "ಆದ್ರ ಧ್ವನಿ ಹುಟ್ಟಿದಲ್ಲೇ ಸಾಯ್ತದ ನೋಡ್ರಿ. ಎರಡು ವಾರ ಟೈಮ್ ಕೊಡ್ತೀನಿ. ಸರಿಹೋದ್ರ ನೀವು ಬಾರಸ್ರಿ. ಇಲ್ಲಾಂದ್ರ ಕೀಬೋರ್ಡ್‌ನವ್ರನ್ನ ಕರೀತೀನಿ, ನೀವು ಹಿಂದ ನಿಂತು ಕೋರಸ್ ಹಾಡ್ರಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಪಿಕರಿಂಗಿನ ನಮ್ಮ ಮನೆಗೆ ಕಾರಿನಲ್ಲಿ ವಾಪಸು ಹೊರಟೆ. ಗಿಟಾರನ್ನು ಮಗುವಿನ ಹಾಗೆ ಹಿಂದಿನ ಸೀಟಿನಲ್ಲಿ ಮಲಗಿಸಿ ಬೆಲ್ಟು ಹಾಕಿದ್ದೆ. ದಾರಿಯುದ್ದಕ್ಕೂ ಅದರ ಕಡೆ ತಿರುಗಿ ನೋಡಲಿಲ್ಲ. ಸಂಘದ ಕಾರ್ಯಕ್ರಮಪಟ್ಟಿಯಲ್ಲಿ ಗಿಟಾರ್ ಎಂಬ ಮಾತಿನ ಮುಂದೆ ನನ್ನ ಹೆಸರು ಅಚ್ಚಾಗುತ್ತದೆ ಎಂದು ಒಂದು ತಿಂಗಳಿನಿಂದ ಒಳಗೊಳಗೇ ಕುಣಿಯುತ್ತಿದ್ದವಳು ನಾನು. ಕೆನಡಾಕ್ಕೆ ಬಂದ ಮೇಲೆ ನನ್ನ ಹೆಸರು ಅಚ್ಚಾಗುತ್ತಿದ್ದದ್ದು ಹೈಡ್ರೋ ಎಂದು ಇಲ್ಲಿ ಕರೆಯುವ ಕರೆಂಟು ಬಿಲ್ಲಿನಲ್ಲಿ ಮಾತ್ರ, ಅದೂ ನಮ್ಮವರ ಹೆಸರಿನ ಕೆಳಗೆ.

ಗಿಟಾರು ಕಲಿತದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಪ್ರಾರ್ಥನೆಯ ಹಾಡುಗಳಿಗೆ ಜೊತೆ ಬೇಕೆಂದು ಒಬ್ಬ ಸಿಸ್ಟರ್ ನಮ್ಮಲ್ಲಿ ಮೂವರನ್ನು ಆರಿಸಿ, ಬೆರಳು ಸುಲಿಯುವ ತನಕ ಕಲಿಸಿದ್ದರು. ನುಡಿಸುತ್ತಿದ್ದದ್ದು ಚಾಪೆಲಿನಲ್ಲಿ. ಎತ್ತರದ ಚಾವಣಿ, ಕಲ್ಲಿನ ನೆಲ, ಬಣ್ಣದ ಗಾಜು. ಒಂದು ತಂತಿ ಮೀಟಿ ಕೈ ತೆಗೆದರೆ ಸದ್ದು ಮೇಲೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ನಿಧಾನವಾಗಿ ಇಳಿದು ಬರುತ್ತಿತ್ತು. ಅದು ಚಾವಣಿಯ ಕೆಲಸ ಎಂದು ನನಗೆ ಆಗ ಗೊತ್ತಿರಲಿಲ್ಲ, ನನ್ನ ಬೆರಳಿನದೇ ಎಂದುಕೊಂಡಿದ್ದೆ. ಇಲ್ಲಿನ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು, ಕಿಟಕಿಗೆ ದಪ್ಪ ಪರದೆ, ಸೋಫಾದ ಮೇಲೆ ನಾಲ್ಕು ದಿಂಬು. ಸದ್ದು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕಂಬಳಿ ಹೊದಿಸಿಬಿಡುತ್ತಾರೆ. ಮೇಲಾಗಿ ಅದು ಎಲೆಕ್ಟ್ರಿಕ್ ಗಿಟಾರು. ನಮ್ಮವರು ಒಂದು ಗರಾಜ್ ಸೇಲಿನಲ್ಲಿ ತಮಗೆಂದು ತಂದು, ಮೂರು ವಾರ ಕೈಯಾಡಿಸಿ, ನನಗೆ ಬಿಟ್ಟುಕೊಟ್ಟದ್ದು.

ಆ ಸಂಜೆ ನಮ್ಮವರೇ ಹೇಳಿದರು, ಅಂಥ ಮೊಳಗನ್ನು ಕೃತಕವಾಗಿ ಕೊಡುವ ಒಂದು ಪೆಡಲ್ ಇರುತ್ತದೆ, ರಿವರ್ಬ್ ಅಂತಾರೆ, ಗಿಟಾರಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸಿ ಕಾಲಲ್ಲಿ ಒತ್ತಿದರಾಯಿತು, ಅಂಗಡಿಯಿಂದ ತರೋಣ ಬಿಡು ಎಂದು. ನಾನೂ ಹೂಂ ಎಂದಿದ್ದೆ. ಆದರೆ ಸೋಮವಾರ ಲೈಬ್ರರಿಗೆ ಹೋದಾಗ, ಅದೇನೆಂದು ತಿಳಿಯೋಣವೆಂದು ಹವ್ಯಾಸಿಗಳಿಗೆ ಬರೆದ ಒಂದು ಎಲೆಕ್ಟ್ರಾನಿಕ್ಸ್ ಪುಸ್ತಕ ತೆಗೆದೆ. ಅಲ್ಲೇ ಎಡವಟ್ಟಾದದ್ದು. ಮನೆಯಲ್ಲೇ ಮಾಡಿದ ಅಂಥದೊಂದು ಪೆಡಲಿನ ಮುಚ್ಚಳ ತೆಗೆದು, ಹೊಟ್ಟೆಯೊಳಗಿನ ಫೋಟೋ ಹಾಕಿದ್ದರು. ಕೆಂಪು, ಕಪ್ಪು, ಹಳದಿ ವೈರುಗಳು ಒಂದರ ಪಕ್ಕ ಒಂದು ಮಲಗಿದ್ದವು, ಮೂಲೆ ಬಂದಲ್ಲಿ ಒಟ್ಟಿಗೆ ತಿರುಗಿದ್ದವು. ಎಣ್ಣೆ ಹಚ್ಚಿ ಬೈತಲೆ ತೆಗೆದು ಬಾಚಿದ ಸ್ಕೂಲು ಹುಡುಗಿಯ ತಲೆ ಇದ್ದ ಹಾಗೆ. ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಒಪ್ಪ ಇಟ್ಟವರು ಯಾರೋ ಏನೋ, ನನಗಂತೂ ಹುಚ್ಚು ಹಿಡಿಯಿತು. ಅಂಗಡಿಯದು ಬೇಡ, ನಾನೇ ಮಾಡುತ್ತೇನೆ ಎಂದೆ. ನಮ್ಮವರು ಟೀವಿಯ ಸದ್ದು ತಗ್ಗಿಸಿ ನನ್ನನ್ನೇ ನೋಡಿದರು. ತಾವು ಸಾಫ್ಟ್‌ವೇರಿನವರು, ಬಿಸಿಯಾಗುವ ಯಾವ ವಸ್ತುವನ್ನೂ ತಮ್ಮ ಕೈಯಲ್ಲಿ ಕೊಡಬೇಡ ಎಂದರು.

ಕೈಯಲ್ಲಿ ಕೊಡಬಹುದಾದವಳು ಪಕ್ಕದ ಬೀದಿಯಲ್ಲಿದ್ದಳು. ಉಡುಪಿಯ ಕಡೆಯವಳು, ಮನೆಮಾತು ತುಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಸ್ಕಾರ್ಬರೋದ ಒಂದು ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಶಿಫ್ಟಲ್ಲಿ ಸರ್ಕೀಟ್ ಬೋರ್ಡುಗಳಿಗೆ ಸೋಲ್ಡರ್ ಹಾಕುವ ಕೆಲಸ. ನನ್ನ ಗೆಳತಿ. ಬೆಳಗಿನ ಹೊತ್ತು ಇಬ್ಬರಿಗೂ ಬಿಡುವು, ಕಾಫಿಗೆ ಬರುತ್ತಿದ್ದಳು. ಪುಸ್ತಕದ ಜೆರಾಕ್ಸ್ ತೋರಿಸಿದೆ. ಅವಳು ಪಟದ ಮೇಲೆ ಬೆರಳಾಡಿಸುತ್ತ ಒಂದು ನಿಮಿಷ ನೋಡಿ, ಬೋರ್ಡು ಏನೂ ಕಷ್ಟವಿಲ್ಲ, ಆದರೆ ಇಲ್ಲೊಂದು ಸ್ಪ್ರಿಂಗು ಬರೆದಿದ್ದಾರಲ್ಲ, ಅದನ್ನು ಎಲ್ಲಿಂದ ತರುವುದು ಎಂದಳು. ಸಂಗತಿ ಇಷ್ಟೆ: ಉದ್ದನೆಯ ಒಂದು ಪೆಟ್ಟಿಗೆಯಲ್ಲಿ ಎರಡು ಸಣ್ಣ ಸ್ಪ್ರಿಂಗುಗಳು ತೂಗಾಡುತ್ತಿರುತ್ತವೆ. ಗಿಟಾರಿನ ಸದ್ದು ಒಂದು ತುದಿಯಿಂದ ಹೊಕ್ಕು, ಸ್ಪ್ರಿಂಗನ್ನು ನಡುಗಿಸಿ, ಆ ನಡುಕ ಇನ್ನೊಂದು ತುದಿಯಲ್ಲಿ ಸದ್ದಾಗಿ ಹೊರಗೆ ಬರುತ್ತದೆ. ಅದೇ ಚಾವಣಿ. ಹಿಂದೆ ಮನೆಗಳಲ್ಲಿ ಪಿಯಾನೋದಂತೆ ನುಡಿಸುತ್ತಿದ್ದ ಹಳೆಯ ಆರ್ಗನ್ನುಗಳಲ್ಲಿ ಇದು ಸಿಗುತ್ತದೆ ಎಂದು ಪುಸ್ತಕದಲ್ಲಿತ್ತು.

ಈ ದೇಶದಲ್ಲಿ ಬೇಕಾದದ್ದು ಬೀದಿಬದಿಯಲ್ಲೇ ಸಿಗುತ್ತದೆ. ಗಾರ್ಬೇಜ್ ದಿನ ಬಂತೆಂದರೆ ಜನ ಸೋಫಾ, ಟೀವಿ, ಮಂಚ ಎಲ್ಲ ಹೊರಗಿಡುತ್ತಾರೆ. ಬುಧವಾರ ಬೆಳಿಗ್ಗೆ ನಾವಿಬ್ಬರೂ ನಡೆದುಕೊಂಡೇ ಹೊರಟೆವು, ಏನೂ ಸಿಗಲಾರದು ಎಂಬ ಧೈರ್ಯದಲ್ಲಿ. ಏಳನೆಯ ಬೀದಿಯಲ್ಲಿ ಮೇಪಲ್ ಎಲೆಗಳ ರಾಶಿಯ ಪಕ್ಕ ಕಂದು ಬಣ್ಣದ ಆರ್ಗನ್ನೊಂದು ನಿಂತಿತ್ತು, ಮೇಲೊಂದು ಹೂದಾನಿ ಸಮೇತ. ನಾನು ಓಡಿ ಹೋಗಿ ಹೂದಾನಿ ಇಳಿಸಿದೆ. ಗೆಳತಿ ಕೋಟಿನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು. ಅಂದರೆ ಅವಳಿಗೂ ಆಸೆಯಿತ್ತು. ಸಲ್ವಾರಿನ ಮೇಲೆ ದಪ್ಪ ಕೋಟು ತೊಟ್ಟ ಇಬ್ಬರು ಹೆಂಗಸರು ಫುಟ್‌ಪಾತಿನಲ್ಲಿ ಮಂಡಿಯೂರಿ ಆರ್ಗನ್ನಿನ ಬೆನ್ನು ಬಿಚ್ಚುವುದನ್ನು ಸ್ಕೂಲ್ ಬಸ್ಸಿನ ಡ್ರೈವರು ನಿಧಾನ ಮಾಡಿ ನೋಡಿಕೊಂಡು ಹೋದ.

ಬೆನ್ನುಹಲಗೆ ಬಿಚ್ಚುವಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಬಿಳಿಕೂದಲಿನ ಅಜ್ಜಿಯೊಬ್ಬರು ಗೌನಿನಲ್ಲೇ ಹೊರಗೆ ಬಂದರು. ನಾನು ಕಾನ್ವೆಂಟಿನ ಅಭ್ಯಾಸದಂತೆ ತಟಕ್ಕನೆ ಎದ್ದು ನಿಂತು ಗುಡ್ ಮಾರ್ನಿಂಗ್ ಮ್ಯಾಮ್ ಎಂದೆ. ಕೈಯಲ್ಲಿ ಅವರದೇ ಆರ್ಗನ್ನಿನ ಆರು ಸ್ಕ್ರೂಗಳಿದ್ದವು. ಅವರಿಗೇನೂ ಬೇಸರವಿರಲಿಲ್ಲ. ಏನು ಬೇಕಿತ್ತೆಂದು ಕೇಳಿದರು, ಸ್ಪ್ರಿಂಗು ಎಂದೆವು. ಅಷ್ಟೇನಾ ಎಂದು ನಿರಾಸೆಯಾದವರ ಹಾಗೆ ಒಳಗೆ ಹೋಗಿ, ಇದರ ಕೂರುವ ಬೆಂಚೂ ಇದೆ, ಅದನ್ನೂ ಒಯ್ಯಿರಿ ಎಂದು ಎಳೆದುಕೊಂಡು ಬಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ಹೀಗೆ, ಒಂದು ಕೈಯಲ್ಲಿ ಸ್ಪ್ರಿಂಗಿನ ಪೆಟ್ಟಿಗೆ, ನಡುವೆ ಬೆಂಚು, ಏಳು ಬೀದಿ ನಡೆದು ಬಂದೆವು. ಪ್ರತಿ ಹೆಜ್ಜೆಗೂ ಪೆಟ್ಟಿಗೆ ಝಣ್ ಝಣ್ ಅನ್ನುತ್ತಿತ್ತು. ಮೂರನೆಯ ಬೀದಿಯಲ್ಲಿ ಗೆಳತಿಗೆ ನಗು ಬಂತು. ಐದನೆಯದರಲ್ಲಿ ಬೆಂಚನ್ನು ಕೆಳಗಿಟ್ಟು, ಅದರ ಮೇಲೆ ಕೂತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಟ್ರೈನಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಹೋಗಿ, ಡೌನ್‌ಟೌನಿನ ಒಂದು ಬಿಡಿಭಾಗದ ಅಂಗಡಿಯಿಂದ ಉಳಿದದ್ದು ತಂದೆ. ನನ್ನ ಪಟ್ಟಿಯನ್ನು ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಬರೆದು, ಎಡಗಡೆ ಮಾರ್ಜಿನ್ನು ಹಾಕಿದ್ದೆ. ಅಂಗಡಿಯವನು ಅದನ್ನು ಓದಿ, ಗಂಡನಿಗಾ ಎಂದು ಕೇಳಿದ. ನನಗೇ ಎಂದೆ. ಹಾಗೆನ್ನುವಾಗ ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ. ಆತ ಪ್ರತಿ ಭಾಗವನ್ನೂ ಒಂದೊಂದು ಪುಟ್ಟ ಕವರಿನಲ್ಲಿ ಹಾಕಿ, ಅದರ ಮೇಲೆ ಹೆಸರು ಬರೆದು ಕೊಟ್ಟ. ಜೀರಿಗೆ, ಮೆಂತ್ಯ, ಸಾಸಿವೆ ಪೊಟ್ಟಣಗಳ ಹಾಗೆ.

ಪೆಡಲಿನ ಮೈಗೆ ನನ್ನ ಅಲ್ಯುಮಿನಿಯಂ ಕೇಕ್ ಪ್ಯಾನನ್ನೇ ತ್ಯಾಗ ಮಾಡಿದೆ. ಜಾರು ಮುಚ್ಚಳದ, ಉದ್ದನೆಯ ಪ್ಯಾನು. ಸ್ಪ್ರಿಂಗಿನ ಪೆಟ್ಟಿಗೆ ಅದರೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಪ್ಯಾನನ್ನು ಬೋರಲು ಹಾಕಿದರೆ ತಳವೇ ಮೇಲ್ಭಾಗ: ಅಲ್ಲಿ ತಿರುಗಿಸುವ ಎರಡು ಗುಬುಟು, ಕಾಲಲ್ಲಿ ಒತ್ತುವ ಒಂದು ಸ್ವಿಚ್ಚು. ಬಲಬದಿಗೆ ಗಿಟಾರು ಸಿಕ್ಕಿಸುವ ತೂತು, ಎಡಬದಿಗೆ ಸ್ಪೀಕರಿಗೆ ಹೋಗುವ ತೂತು. ತೂತು ಕೊರೆದದ್ದು ನಾನೇ, ಹಿತ್ತಿಲ ಡೆಕ್ಕಿನ ಮೇಲೆ, ಕೆಳಗೊಂದು ಮರದ ತುಂಡಿಟ್ಟು. ಅಲ್ಯುಮಿನಿಯಂ ಸುರುಳಿ ಸುರುಳಿಯಾಗಿ ಬರುತ್ತದೆ, ಹೆರೆದ ಕೊಬ್ಬರಿಗಿಂತ ಚೆನ್ನ.

ಸೋಲ್ಡರ್ ಪಾಠ ಊಟದ ಮೇಜಿನ ಮೇಲೆ ನಡೆಯಿತು. ಕಾಫಿ ಕುಡಿಯುವಾಗಿನ ಗೆಳತಿಯಲ್ಲ ಅವಳು ಆಗ, ಫ್ಯಾಕ್ಟರಿಯವಳಾದಳು. ನನ್ನ ಬಳೆ ತೆಗೆಸಿದಳು, ಜಡೆ ಮೇಲೆ ಕಟ್ಟಿಸಿದಳು. ಸೀಸವನ್ನು ಸೋಲ್ಡರಿಂಗ್ ಐರನ್ನಿಗೆ ಮುಟ್ಟಿಸಬಾರದು, ಬಿಸಿಯಾದ ತಂತಿಗೆ ಮುಟ್ಟಿಸಬೇಕು, ಅದು ತಾನಾಗಿ ಹರಿದು ಹಿಡಿದುಕೊಳ್ಳಬೇಕು ಎಂದಳು. ನನ್ನ ಮೊದಲ ಹತ್ತು ಬೆಸುಗೆಗಳನ್ನು ನೋಡಿ, ಇದು ಬೆಸುಗೆಯಲ್ಲ, ಹಕ್ಕಿ ಹಿಕ್ಕೆ ಎಂದು ಹೇಳಿ ಎಲ್ಲವನ್ನೂ ಕೀಳಿಸಿದಳು. ಹನ್ನೊಂದನೆಯದು ಹೊಳೆಯಿತು. ಸಣ್ಣ ಬೆಳ್ಳಿಯ ಮೂಗುಬಟ್ಟಿನ ಹಾಗೆ. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೆಂದರೆ, ಶಿಫ್ಟಿಗೆ ತಡವಾಗುತ್ತದೆ ಎಂದು ಅವಳೇ ಎದ್ದು ಹೋದಳು.

ಮುಂದಿನ ಬುಧವಾರದ ಹೊತ್ತಿಗೆ ಬೋರ್ಡು ಮುಗಿದು, ಪ್ಯಾನಿನೊಳಗೆ ಹದಿನಾಲ್ಕು ವೈರುಗಳು ಅಡ್ಡಾದಿಡ್ಡಿ ಹರಡಿಕೊಂಡಿದ್ದವು. ಇನ್ನು ನನ್ನ ಕೆಲಸ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ. ಗೆಳತಿ ಫ್ಯಾಕ್ಟರಿಯಲ್ಲಿ ಬಳಸುವ ಪ್ಲಾಸ್ಟಿಕ್ ಟೈಗಳನ್ನು ತಂದಿದ್ದಳು. ನನಗೆ ಹಿಡಿಸಲಿಲ್ಲ, ಕತ್ತರಿಸಿದ ತುದಿ ಕೈಗೆ ಗೀರುತ್ತದೆ. ಬಚ್ಚಲುಮನೆಯಿಂದ ಹಲ್ಲಿನ ಸಂದಿ ಶುಚಿ ಮಾಡುವ ಮೇಣದ ದಾರದ ಡಬ್ಬಿ ತಂದೆ. ವೈರುಗಳನ್ನು ಒಟ್ಟುಗೂಡಿಸಿ ಹಿಡಿದು, ಮಲ್ಲಿಗೆ ಕಟ್ಟುವ ಹಾಗೆಯೇ ಬೆರಳಿಗೆ ದಾರ ಸುತ್ತಿ, ಉರುಳು ಹಾಕಿ, ಜಗ್ಗಿದೆ. ಮೇಣ ಇದ್ದದ್ದರಿಂದ ಗಂಟು ಜಾರದೆ ಕಚ್ಚಿ ಕೂತಿತು. ಅರ್ಧ ಇಂಚಿಗೊಂದು ಗಂಟು. ಅವಳು ನೋಡುತ್ತ ನಿಂತವಳು ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. ಅವರ ಫ್ಯಾಕ್ಟರಿಯ ಹಳೇ ಸೂಪರ್‌ವೈಸರು, ತನ್ನ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೀಗೇ ಮೇಣದ ದಾರದಿಂದ ಕಟ್ಟುತ್ತಿದ್ದೆವು ಎಂದು ಹೇಳುತ್ತಾನಂತೆ, ಇವಳು ನಂಬಿರಲಿಲ್ಲವಂತೆ.

ಗಂಟಿನ ವಿಷಯದಲ್ಲಿ ನಮಗೆ ಜಗಳವಾಯಿತು. ಮೈಸೂರಿನವರದು ಸಡಿಲ, ನಮ್ಮಲ್ಲಿ ಬಾಳೆನಾರಿನಲ್ಲಿ ಕಟ್ಟುವುದು, ಒಂದು ಮೊಗ್ಗು ಇನ್ನೊಂದರ ಮೈಗೆ ತಾಗಿ ಕೂರಬೇಕು, ನಡುವೆ ಗಾಳಿ ಹೋಗಬಾರದು ಎಂದು ಅವಳ ವಾದ. ಮೈಸೂರು ಮಲ್ಲಿಗೆಯ ಪರಿಮಳಕ್ಕೆ ಗಾಳಿ ಬೇಕು ಎಂದು ನನ್ನ ವಾದ. ವೈರಿಗೆ ಪರಿಮಳವಿಲ್ಲವಾದ್ದರಿಂದ ಅವಳೇ ಗೆದ್ದಳು. ಕಟ್ಟಿದ್ದನ್ನು ಬಿಚ್ಚಿ, ಉಡುಪಿಯ ಪದ್ಧತಿಯಲ್ಲಿ, ಹದಿನಾಲ್ಕೂ ವೈರುಗಳನ್ನು ಒಂದೇ ದಂಡೆಯಾಗಿ, ಒತ್ತೊತ್ತಾಗಿ ಕಟ್ಟಿದೆವು. ಪ್ಯಾನಿನ ಅಂಚಿನ ಗುಂಟ ಅದು ಸಾಗಿ, ಮೂಲೆಯಲ್ಲಿ ನಯವಾಗಿ ತಿರುಗಿ, ತನ್ನ ತನ್ನ ಜಾಗ ಬಂದಲ್ಲಿ ಒಂದೊಂದೇ ವೈರು ಎದ್ದು ಹೊರಗೆ ಬರುತ್ತಿತ್ತು. ಪುಸ್ತಕದ ಫೋಟೋ ಅದರ ಮುಂದೆ ಏನೂ ಅಲ್ಲ. ಮುಚ್ಚಳ ಹಾಕುವ ಮನಸ್ಸಾಗದೆ ಅದನ್ನು ಹಾಗೇ ಬಿಟ್ಟು ಇಬ್ಬರೂ ಇನ್ನೊಂದು ಕಾಫಿ ಕುಡಿದೆವು. ಆ ದಂಡೆಯನ್ನು ಜಡೆಗೆ ಮುಡಿದು ನೋಡೋಣವೇ ಎಂದು ಅವಳು ಕೇಳಿದ್ದಳು, ನಿಜವಾಗಿ.

ಗುರುವಾರ ಬೆಳಿಗ್ಗೆ ಮುಚ್ಚಳ ಜಾರಿಸಿ, ಬ್ಯಾಟರಿ ಹಾಕಿ, ಗಿಟಾರು ಸಿಕ್ಕಿಸಿ, ಸ್ಪೀಕರ್ ಹಚ್ಚಿದೆ. ಗಿಟಾರನ್ನು ಇನ್ನೂ ಮುಟ್ಟಿರಲಿಲ್ಲ. ಕೂಯ್ ಎಂದು ಒಂದು ಕಿರುಚು ಹೊರಟಿತು, ಹತ್ತು ಕುಕ್ಕರು ಒಟ್ಟಿಗೆ ಸೀಟಿ ಹೊಡೆದ ಹಾಗೆ. ನಿಲ್ಲಲೂ ಇಲ್ಲ. ಪಕ್ಕದ ಮನೆಯ ನಾಯಿ ಊಳಿಟ್ಟಿತು. ಸ್ವಿಚ್ಚು ಆರಿಸಿ, ಮತ್ತೆ ಹಾಕಿದೆವು. ಮತ್ತೆ ಅದೇ. ಗೆಳತಿ ಬೆಸುಗೆಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಯಾವುದರಲ್ಲೂ ತಪ್ಪಿರಲಿಲ್ಲ. ಸಂಜೆ ನಮ್ಮವರು ಬಂದು ಇಣುಕಿ, ಇಷ್ಟು ಅಂದವಾಗಿ ಕಟ್ಟಿರುವುದರಲ್ಲಿ ತಪ್ಪಿರಲು ಸಾಧ್ಯವಿಲ್ಲ, ಸ್ಪ್ರಿಂಗೇ ಕೆಟ್ಟಿರಬೇಕು ಎಂದರು. ನನಗೂ ಹಾಗೇ ಅನ್ನಿಸಿತು. ಶನಿವಾರಕ್ಕೆ ಉಳಿದದ್ದು ಒಂದು ದಿನ. ಕೋರಸ್ಸಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವಾಗ ಉಡಲು ಯಾವ ಸೀರೆ ಎಂದು ಯೋಚಿಸಲು ಶುರುಮಾಡಿದೆ. ಹಿಂದಿನ ಸಾಲಿಗೆ ಯಾವುದಾದರೂ ಆದೀತು.

ಶುಕ್ರವಾರ ಬೆಳಿಗ್ಗೆ ಅವಳು ಬಂದಾಗ ಮುಚ್ಚಳ ತೆಗೆದು ಕೂತಿದ್ದೆ. ಕಿರುಚು ನಡೆದೇ ಇತ್ತು. ಸುಮ್ಮನೆ, ಬೇರೇನೂ ತೋಚದೆ, ಸಾರು ತಿರುವುವ ಮರದ ಸೌಟಿನ ಹಿಡಿಯಿಂದ ದಂಡೆಯನ್ನು ತಿವಿದೆ. ಕಿರುಚಿನ ಸ್ವರ ಬದಲಾಯಿತು. ಇನ್ನೊಂದು ಕಡೆ ತಿವಿದೆ, ಇನ್ನಷ್ಟು ಏರಿತು. ಸ್ಪ್ರಿಂಗಿಗೆ ಹೋಗುವ ಹಳದಿ ವೈರು ದಂಡೆಯಿಂದ ಹೊರಬರುವಲ್ಲಿ ಸೌಟಿನಿಂದ ಪಕ್ಕಕ್ಕೆ ಸರಿಸಿದರೆ ಕಿರುಚು ಇಳಿಯುತ್ತಿತ್ತು. ಬಿಟ್ಟರೆ ಏರುತ್ತಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸೌಟು ಹಿಡಿದು ನಾನು ಸರಿಗಮ ನುಡಿಸಲು ನೋಡಿದೆ. ಸ, ರಿ ಬಂತು, ಗ ಸ್ವಲ್ಪ ಸೊಟ್ಟ. ಮಗುವಿನ ತುತ್ತೂರಿಯಂತಿತ್ತು. ಅವಳು ಸೌಟು ಕಸಿದುಕೊಂಡು ಅದರಲ್ಲೇ ಯಕ್ಷಗಾನದ ಭಾಗವತರ ಹಾಗೆ ಎಳೆದಳು. ನಾಯಿ ಊಳಿಟ್ಟಿತು, ಇವಳು ಅದಕ್ಕೆ ಉತ್ತರ ಕೊಟ್ಟಳು. ನಗು ತಡೆಯದೆ ನಾನು ಮೇಜಿನ ಕೆಳಗೆ ಇಳಿದೆ. ಎದ್ದು ಕಣ್ಣೊರೆಸಿಕೊಳ್ಳುವಾಗ ಎಲ್ಲ ಅರ್ಥವಾಗಿತ್ತು.

ಸ್ಪ್ರಿಂಗಿಗೆ ಹೋಗುವ ಸದ್ದು ಜೋರಿನದು. ಸ್ಪ್ರಿಂಗಿನಿಂದ ವಾಪಸು ಬರುವ ಸದ್ದು ಪಿಸುಮಾತಿನಷ್ಟು ಸಣ್ಣದು, ಅದನ್ನು ಬೋರ್ಡು ಮತ್ತೆ ದೊಡ್ಡದು ಮಾಡಬೇಕು. ನಾವು ಆ ಎರಡೂ ವೈರುಗಳನ್ನು ಒಂದೇ ದಂಡೆಯಲ್ಲಿ, ಗಾಳಿ ಆಡದ ಹಾಗೆ, ಮೈಗೆ ಮೈ ಸೇರಿಸಿ ಕಟ್ಟಿದ್ದೆವು. ಹೋಗುವ ಸದ್ದು ಬರುವ ವೈರಿಗೆ ದಾಟಿ, ಅದು ಮತ್ತೆ ದೊಡ್ಡದಾಗಿ ಹೋಗಿ, ಮತ್ತೆ ದಾಟಿ, ಕೊನೆಯಿಲ್ಲದೆ ಸುತ್ತುತ್ತಿತ್ತು. ತಪ್ಪು ಬೆಸುಗೆಯಲ್ಲಿರಲಿಲ್ಲ, ಸ್ಪ್ರಿಂಗಿನಲ್ಲಿರಲಿಲ್ಲ. ನಾವು ಅಷ್ಟು ಚಂದ ಕಟ್ಟಿದ್ದೇ ತಪ್ಪು.

"ಮಡಿಯಲ್ಲಿ ಇರುವವರನ್ನು ಹೋಗಿ ಮುಟ್ಟಿಬಿಟ್ಟಿದ್ದೇವೆ ಮಾರಾಯ್ರೆ," ಎಂದಳು ಅವಳು. "ಸ್ಪ್ರಿಂಗಿಂದ ಬರುವವರಿಗೆ ಬೇರೆ ದಾರಿ ಬೇಕು. ಯಾರೂ ತಾಗ್ಲಿಕ್ಕಿಲ್ಲ."

"ಹಾಗಾದ್ರೆ ಬಿಚ್ಚಬೇಕಾ?"

"ಬಿಚ್ಚಲಿಕ್ಕೆ ಎಲ್ಲಿ ಆಗ್ತದೆ, ಅಕ್ಕ. ನಾನು ಹಾಕಿದ ಗಂಟು ಅದು. ಕತ್ತರಿಸುವುದೇ."

ಕತ್ತರಿ ನನ್ನ ಕೈಯಲ್ಲಿತ್ತು. ಕೆಲಸ ಮಾಡುವುದಕ್ಕಿಂತ ಅಂದವಾಗಿರುವುದೇ ಮೇಲು ಎಂದು ಒಳಗೊಂದು ದನಿ ವಾದ ಮಾಡುತ್ತಿತ್ತು, ಅದು ನನ್ನದೇ ದನಿ. ಶನಿವಾರ ಕೋರಸ್ಸಿನಲ್ಲಿ ನಿಂತು, ಮನೆಯಲ್ಲಿ ಮಾತ್ರ ಮುಚ್ಚಳ ತೆಗೆದು ನೋಡಿಕೊಂಡು ಸುಖಪಡಬಹುದಿತ್ತು. ಕಣ್ಣು ಮುಚ್ಚಿಕೊಂಡು ಮೊದಲ ಗಂಟು ಕತ್ತರಿಸಿದೆ. ಆಮೇಲೆ ಕಷ್ಟವಾಗಲಿಲ್ಲ. ಟಪ್ ಟಪ್ ಎಂದು ಐವತ್ತು ಗಂಟುಗಳು ಹೋದವು.

ಈ ಸಲ ಎರಡು ದಂಡೆ ಕಟ್ಟಿದೆವು. ಹೋಗುವವರದು ಪ್ಯಾನಿನ ಬಲ ಅಂಚಿಗೆ, ಬರುವವರದು ಎಡ ಅಂಚಿಗೆ, ನಡುವೆ ಒಂದು ಗೇಣು. ಎಲ್ಲಾದರೂ ದಾಟಲೇಬೇಕಾದರೆ ನೇರ ಅಡ್ಡಕ್ಕೆ, ನಮಸ್ಕಾರ ಹೇಳಿ ಮುಂದೆ ಹೋಗುವಷ್ಟೇ. ಗಂಟು ಮೈಸೂರಿನದು, ಗಾಳಿ ಆಡುವ ಹಾಗೆ. ಈ ಬಾರಿ ಅವಳು ವಾದಿಸಲಿಲ್ಲ. ನೋಡಲಿಕ್ಕೂ, ನಿಜ ಹೇಳಬೇಕೆಂದರೆ, ಇದೇ ಹೆಚ್ಚು ಚೆನ್ನಾಗಿತ್ತು.

ಸ್ವಿಚ್ಚು ಹಾಕಿದೆ. ಕಿರುಚಿಲ್ಲ. ಏನೂ ಇಲ್ಲ. ಒಂದು ತಂತಿ ಮೀಟಿದೆ. ಸದ್ದು ಹುಟ್ಟಿ, ಮೇಲೆ ಹೋಗಿ, ಅಲ್ಲೆಲ್ಲೋ ಕೂತಿತು. ಊಟದ ಮೇಜು, ಫ್ರಿಜ್ಜು, ಒಗೆಯಲು ಇಟ್ಟ ಬಟ್ಟೆಯ ಬುಟ್ಟಿ ಎಲ್ಲ ಇದ್ದಲ್ಲೇ ಇದ್ದವು, ಆದರೆ ಮನೆಗೆ ಎತ್ತರದ ಚಾವಣಿ ಬಂದಿತ್ತು. ನನಗೆ ಹದಿನಾಲ್ಕು ವರ್ಷವಾಗಿತ್ತು, ಬಿಳಿ ಕ್ಯಾನ್ವಾಸ್ ಶೂ ತೊಟ್ಟಿದ್ದೆ. ಗೆಳತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಇನ್ನೊಮ್ಮೆ ಅಂದಳು. ಇನ್ನೊಮ್ಮೆ ನುಡಿಸಿದೆ. ಖುಷಿಯಲ್ಲಿ ಕಾಲಿನ ಸ್ವಿಚ್ಚನ್ನು ಜೋರಾಗಿ ತುಳಿದೆ ನೋಡಿ, ಸ್ಪ್ರಿಂಗುಗಳು ಅಲುಗಾಡಿ, ಅಟ್ಟದಿಂದ ಪಾತ್ರೆಗಳ ಗೂಡೇ ಬಿದ್ದ ಹಾಗೆ ಧಡಾರ್ ಎಂದಿತು. ಇಬ್ಬರೂ ಹಾರಿಬಿದ್ದೆವು. ಪಾತ್ರೆ ತಿಕ್ಕುವ ಹೊಸ ಸ್ಪಂಜೊಂದನ್ನು ನಾಲ್ಕು ತುಂಡು ಮಾಡಿ, ಸ್ಪ್ರಿಂಗಿನ ಪೆಟ್ಟಿಗೆಯ ಕೆಳಗೆ ಮೂಲೆಗೊಂದು ಇಟ್ಟ ಮೇಲೆ ಅದು ನಿಂತಿತು. ಅವಳು ಶಿಫ್ಟಿಗೆ ಓಡಿದಳು. ನಾನು ಅಡುಗೆ ಮಾಡಲಿಲ್ಲ. ಅಂದು ರಾತ್ರಿ ನಮ್ಮವರು ಪಿಜ್ಜಾ ತರಿಸಿದರು, ಚಾಪೆಲಿನಲ್ಲಿ ಕೂತು ತಿಂದೆವು ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಶನಿವಾರ ಗೆಳತಿಗೆ ರಜೆ. ಪ್ಯಾನನ್ನು ಮಡಿಲಲ್ಲಿಟ್ಟುಕೊಂಡು ಸ್ಟೌಫ್‌ವಿಲ್‌ಗೆ ಅವಳೂ ಬಂದಳು, ಹಾಡಲಿಕ್ಕಲ್ಲ, ಕಾವಲಿಗೆ. ಬೇಸ್‌ಮೆಂಟಿನಲ್ಲಿ ಹೆಂಗಸರೆಲ್ಲ ಸುತ್ತ ನೆರೆದರು. ಕೇಕ್ ತಂದಿದ್ದೀರಾ ಎಂದು ಒಬ್ಬರು ಕೇಳಿದರು. ನಾನು ಎಲ್ಲ ಜೋಡಿಸಿ, ಮೊದಲ ಹಾಡಿನ ಆರಂಭದ ನಾಲ್ಕು ಸ್ವರ ನುಡಿಸಿ ಕೈ ತೆಗೆದೆ. ಸದ್ದು ನಿಂತು, ತೇಲಿ, ಇಳಿಯಿತು. ದೊಡ್ಡಕ್ಕ ಕನ್ನಡಕ ತೆಗೆದರು, ಹಾಕಿಕೊಂಡರು. ಎದ್ದು ಬಂದು ನನ್ನ ಪೆಡಲಿನ ಪಕ್ಕ ಬಗ್ಗಿ, ಗಿಟಾರಿನ ವೈರು ತೆಗೆದು, ತಮ್ಮ ಮೈಕಿನ ವೈರನ್ನು ಅದೇ ತೂತಿಗೆ ಸಿಕ್ಕಿಸಿದರು.

ಒಂದು ಆಲಾಪ ಎಳೆದರು. ಅದ್ಭುತವಾಗಿತ್ತು, ಅಲ್ಲವೆಂದರೆ ಪಾಪ ಬಂದೀತು. ಗೋಪುರದೊಳಗೆ ನಿಂತು ಹಾಡಿದ ಹಾಗೆ. ಎಲ್ಲರೂ ವಾಹ್ ಎಂದರು. ದೊಡ್ಡಕ್ಕನ ಮುಖ ಚಿಕ್ಕ ಹುಡುಗಿಯದಾಗಿತ್ತು. ಇನ್ನೊಂದು ಎಳೆದರು, ಮತ್ತೊಂದು ಎಳೆದರು. ಆಮೇಲೆ, ಈಗಾಗಲೇ ನಿರ್ಧಾರವಾದ ವಿಷಯವೆಂಬಂತೆ ಹೇಳಿದರು:

"ಇದು ಹಾಡಿಗೇ ಇರ್ಲಿ ಬಿಡ್ರಿ. ಗಿಟಾರ್ ಈ ಸಲ ಬ್ಯಾಡ."

ಹೆಂಗಸರು ಹೌದು ಹೌದು ಎಂದರು. ನಾನು ಹತ್ತು ವರ್ಷ ಯೆಸ್ ಸಿಸ್ಟರ್ ಎಂದು ಬೆಳೆದವಳು. ಬಾಯಿ ತಾನಾಗಿಯೇ ಆಗಲಿ ಅನ್ನಲು ತೆರೆದಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಗೆಳತಿ ನನ್ನನ್ನೇ ನೋಡುತ್ತಿದ್ದಳು, ಅವಳ ಬೆರಳ ತುದಿಯಲ್ಲಿ ಗಂಟು ಜಗ್ಗಿ ಜಗ್ಗಿ ಆದ ಕೆಂಪು ಗೆರೆ ನನಗೆ ಅಲ್ಲಿಂದಲೂ ಕಾಣುತ್ತಿತ್ತು.

"ಇಲ್ಲ ದೊಡ್ಡಕ್ಕ," ಎಂದೆ. "ಇದನ್ನ ಗಿಟಾರಿಗೆ ಅಂತ ಕಟ್ಟಿದ್ದು. ನಿಮ್ಮ ಮೈಕಿಗೆ ಬೇಕಾದ್ರೆ ಇನ್ನೊಂದು ಕಟ್ಟಿಕೊಡ್ತೀವಿ. ಇದನ್ನ ಕೊಡಲ್ಲ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ನಾನು ಬಗ್ಗಿ ಮೈಕಿನ ವೈರು ಎಳೆದು ತೆಗೆದೆ. ಗಿಟಾರು ಸಿಕ್ಕಿಸಿದೆ. ಹಾಡಿನ ಆರಂಭವನ್ನು ಇನ್ನೊಮ್ಮೆ, ಈ ಸಲ ಪೂರ್ತಿಯಾಗಿ, ನುಡಿಸಿದೆ. ದೊಡ್ಡಕ್ಕ ಖಾಲಿ ಮೈಕು ಹಿಡಿದು ನಿಂತಿದ್ದರು. ನುಡಿಸುತ್ತಿರುವಾಗ ಅವರ ಎಡಗೈ ತೊಡೆಯ ಮೇಲೆ ಸಣ್ಣಗೆ ತಾಳ ಹಾಕತೊಡಗಿದ್ದನ್ನು ನಾನು ನೋಡಿದೆ. ನೋಡಲಿಲ್ಲ ಎಂಬಂತೆ ತಲೆ ತಗ್ಗಿಸಿದೆ. ಕೊನೆಯ ಸ್ವರ ಪೂರ್ತಿ ಕರಗುವ ತನಕ ಅವರು ಕಾದರು. ಮೈಕನ್ನು ಅದರ ಹಳೆಯ ಸ್ಪೀಕರಿಗೇ ಸಿಕ್ಕಿಸಿ, ತಮ್ಮ ಜಾಗಕ್ಕೆ ಹೋಗಿ, ಚಕ್ಕಳಮಕ್ಕಳ ಹಾಕಿ ಕೂತು, ಸೆರಗು ಸರಿಮಾಡಿಕೊಂಡರು.

"ಹೂಂ. ಶ್ರುತಿ ಕೊಡ್ರಿ."

ಖುಷಿಗೆ ನನ್ನ ಕೈ ಎಲ್ಲಿ ಹೋಯಿತೋ, ಯಾವ ತಂತಿ ಮೀಟಿದೆನೋ. ಆ ಅಪಸ್ವರ ಬೇಸ್‌ಮೆಂಟಿನ ತುಂಬ ಹರಡಿ, ಹೋಗಲೊಲ್ಲದೆ, ಉದ್ದಕ್ಕೆ ನಿಂತುಬಿಟ್ಟಿತು. ಮೆಟ್ಟಿಲ ಮೇಲೆ ಗೆಳತಿ ಮುಖವನ್ನು ಮಂಡಿಯಲ್ಲಿ ಹುದುಗಿಸಿದಳು. ನಗುವಿಗೆ ಅವಳ ಬೆನ್ನು ಅಲುಗುತ್ತಿತ್ತು.

"ಅದು ನಿಮ್ಮ ಶ್ರುತಿ ಆತ್ರಿ," ಎಂದರು ದೊಡ್ಡಕ್ಕ. "ಈಗ ನಂದು ಕೊಡ್ರಿ."